ಅವ್ವನ ಹೊಲದಲ್ಲಿ ಆನೆಗಳು

ಖರಾಡಿಯಲ್ಲಿ ನಾವು ಮನೆ ಮಾಡಿದ ಹೊಸದರಲ್ಲಿ ಎದುರಿಗೆ ಜೋಳದ ಹೊಲವಿತ್ತು. ಈಗ ಅಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡ. "ಹೊಲದೋರು ಎಲ್ಲಿಗೆ ಹೋದ್ರೋ?" ಎಂದು ನಮ್ಮ ಅವ್ವ ಆಗಾಗ ಕೇಳುವುದುಂಟು. ಅದಕ್ಕೆ ಕಾರಣವೂ ಉಂಟು. ಅವ್ವನ ತವರು ಹೆಗ್ಗಡದೇವನಕೋಟೆ ತಾಲ್ಲೂಕು. ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಕಟ್ಟಿದಾಗ, ಅಂದರೆ 1974ರ ಸುಮಾರಿಗೆ, ಊರು ಮುಳುಗಿತು. ಆಗ ಅವಳಿಗೆ ಹತ್ತು ವರ್ಷ. ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

ಕಳೆದ ಏಪ್ರಿಲಿನಲ್ಲಿ ಎಲ್.ಟಿ.ಸಿ. ಪಡೆದು (ನಮ್ಮಂಥ ಗುಮಾಸ್ತರಿಗೆ ಇದೊಂದೇ ವೈಭವ) ಮನೆಮಂದಿಯೆಲ್ಲ ನಾಗರಹೊಳೆಗೆ ಹೊರಟೆವು. "ಆನೆ ನೋಡಕ್ಕೂ ದುಡ್ಡಾ? ನಮ್ ಕಾಲದಲ್ಲಿ ಅವೇ ನಮ್ಮನ್ನ ನೋಡಕ್ಕೆ ಬರ್ತಿದ್ವು" ಎಂದು ಗೊಣಗುತ್ತಲೇ ಅವ್ವ ರೈಲು ಹತ್ತಿದಳು.

1955ರಲ್ಲಿ ವನ್ಯಧಾಮವಾಗಿದ್ದ ಈ ಕಾಡು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ 643 ಚದರ ಕಿ.ಮೀ. ಅದಕ್ಕೂ ಹಿಂದೆ ಇಲ್ಲಿಯ ಕಾಕನಕೋಟೆಯೆಂದರೆ ಖೆಡ್ಡಾ. ಕಾಡಾನೆಯ ಹಿಂಡನ್ನು ತಮಟೆ, ಬೆಂಕಿಗಳಿಂದ ಬೆದರಿಸಿ, ಹೊಳೆ ದಾಟಿಸಿ, ದಿಮ್ಮಿಗಳ ಬೇಲಿಯೊಳಗೆ ಕೂಡುತ್ತಿದ್ದರು. ಮಹಾರಾಜರ ಅತಿಥಿಗಳಿಗೆ ಅದೊಂದು ಹಬ್ಬ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಜಾಗವೂ ಈಗ ಹಿನ್ನೀರಿನ ಪಾಲು.

ದಮ್ಮನಕಟ್ಟೆಯಿಂದ ಹೊರಟ ಸಫಾರಿ ವಾಹನ ಹಿನ್ನೀರಿನ ಅಂಚಿಗೆ ಬಂದು ನಿಂತಿತು. ಬೇಸಿಗೆಯಲ್ಲಿ ಕಾಡೆಲ್ಲ ಒಣಗಿ ಕಡ್ಡಿಯಾಗಿರುವಾಗ, ನೀರು ಇಳಿದ ತೇವದ ಮಣ್ಣಿನಲ್ಲಿ ಎಳೆಯ ಹುಲ್ಲು ಏಳುತ್ತದೆ. ಅದಕ್ಕಾಗಿ ಈಚೆಯ ನಾಗರಹೊಳೆಯಿಂದಲೂ ಆಚೆಯ ಬಂಡೀಪುರದಿಂದಲೂ ಆನೆಗಳು ನೂರುಗಟ್ಟಲೆ ಬಂದು ಸೇರುತ್ತವೆ. ಬಿ.ಎಸ್‌ಸಿ. ಓದಿದ ಜಂಬದಲ್ಲಿ ಇದನ್ನೆಲ್ಲ ನಾವು ಮಕ್ಕಳಿಗೆ ವಿವರಿಸುತ್ತಿದ್ದೆವು. ಅವ್ವ ಕೇಳುತ್ತಿರಲಿಲ್ಲ. ನೀರಿನಲ್ಲಿ ನಿಂತ ಒಣಮರಗಳನ್ನೂ ದೂರದ ಬೆಟ್ಟದ ಸಾಲನ್ನೂ ನೋಡುತ್ತ ಏನೋ ಲೆಕ್ಕ ಹಾಕುತ್ತಿದ್ದಳು.

"ಅಗೋ, ಅಲ್ಲಿ. ಅದೇ ಕಣ್ ಮಗ ನಮ್ಮ ರಾಗಿ ಹೊಲ."

ಆ ಬಯಲಲ್ಲಿ ಒಂದು ಹೆಣ್ಣಾನೆ ಹುಲ್ಲನ್ನು ಸೊಂಡಿಲಿನಿಂದ ಕಿತ್ತು, ಮುಂಗಾಲಿಗೆ ಬಡಿದು, ಮಣ್ಣು ಉದುರಿಸಿ ತಿನ್ನುತ್ತಿತ್ತು. ಹೊಟ್ಟೆಯ ಕೆಳಗೆ ಮರಿ. ಅದೇ ಹೊಲವೋ ಅಲ್ಲವೋ, ಐವತ್ತು ವರ್ಷದ ಮೇಲೆ ಹೇಗೆ ಹೇಳುವುದು? ನಾವು ವಾದಿಸಲಿಲ್ಲ.

"ನಮ್ಮಪ್ಪ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು, ತಗಡು ಬಡಿದು ಇವನ್ನ ಓಡಿಸ್ತಿದ್ದ" ಎಂದು ಅವ್ವ ನಕ್ಕಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ಓಡ್ಸೋರೇ ಇಲ್ಲ. ತಿನ್ಲಿ ಬುಡು."

ಹಿಂತಿರುಗುವಾಗ ರೈಲಿನಲ್ಲಿ ಮೀರಜ್ ದಾಟುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ, "ಮುಂದಿನ ಬೇಸಿಗೇಲೂ ಕರ್ಕೊಂಡೋಗು ಮಗ. ಮಳೆಗಾಲದಲ್ಲಿ ಮಾತ್ರ ಬ್ಯಾಡ" ಎಂದಳು.