ತೋಳಿಲ್ಲದ ಸ್ವೆಟರ್

ಧಾರವಾಡದ ಚಳಿಗೆ ಎರಡು ಮುಖ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನಸುಕಿನ ಉಷ್ಣತೆ 13-14 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುವುದುಂಟು. ಅದೇ ದಿನ ಮಧ್ಯಾಹ್ನ 28-29ಕ್ಕೆ ಏರಿರುತ್ತದೆ. ಮೋಡ ಸರಿದು ಗಾಳಿ ಒಣಗಿದ ಮೇಲೆ, ಹಗಲೆಲ್ಲ ಕಾದ ನೆಲ ರಾತ್ರಿ ತನ್ನ ಶಾಖವನ್ನು ತಡೆಯಿಲ್ಲದೆ ಆಕಾಶಕ್ಕೆ ಬಿಟ್ಟುಕೊಡುವುದೇ ಇದಕ್ಕೆ ಕಾರಣ. ಬೆಳಗಿನ ಏಳು ಗಂಟೆಗೆ ಹಲ್ಲು ಕಟಕಟಿಸುತ್ತ ಹೊರಟ ವಿದ್ಯಾರ್ಥಿ ಹನ್ನೆರಡಕ್ಕೆ ಅದೇ ಉಡುಪಿನಲ್ಲಿ ಬೆವರುತ್ತಾನೆ. ಚಳಿಗಾಲದಲ್ಲಿ ಅಂದವಾಗಿಯೂ ಹಿತವಾಗಿಯೂ ಉಡುವುದು ಹೇಗೆಂಬ ಪ್ರಶ್ನೆ ನಮ್ಮ ಕಡೆ ಹುಟ್ಟುವುದು ಇಲ್ಲಿಂದ.

1976ರಲ್ಲಿ ಹಾವೇರಿ ಕಡೆಯ ಹಳ್ಳಿಯೊಂದರಿಂದ ಪಿ.ಯು.ಸಿ. ಓದಲು ನಾನು ಧಾರವಾಡಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ಎರಡು ಅಂಗಿ, ಎರಡು ಪೈಜಾಮ, ಒಂದು ಪ್ಯಾಂಟು. ಹೆಗಲ ಮೇಲೆ ಅವ್ವ ಹೊಲಿದ ಕೌದಿ ಮತ್ತು ಒಂದು ಕರಿ ಕಂಬಳಿ. ಕಂಬಳಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ದಖನಿ ಕುರಿಯ ಉಣ್ಣೆಯ ಎಳೆ ಒರಟು. ಅದಕ್ಕೇ ಅದು ಮೈಗೆ ಚುಚ್ಚುತ್ತದೆ. ನೇಯುವ ಮುಂಚೆ ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಾಕುವುದರಿಂದ ಬಿಗುವು ಬರುತ್ತದೆ, ಮಳೆನೀರು ಬೇಗನೆ ಒಳಕ್ಕೆ ಇಳಿಯುವುದಿಲ್ಲ. ಹೊಲದಲ್ಲಿ ಅದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಆದರೆ ಅದನ್ನು ಹೊದ್ದು ತರಗತಿಗೆ ಹೋಗುವಂತಿರಲಿಲ್ಲ. ವಸತಿಗೃಹದಲ್ಲಿ ಒಬ್ಬ ಹುಡುಗ ಹೊದ್ದು ಹೊರಟದ್ದಕ್ಕೆ ಅವನಿಗೆ "ಕುರಿಗಾರ" ಎಂಬ ಹೆಸರು ಬಿತ್ತು. ಎರಡು ವರ್ಷವೂ ಆ ಹೆಸರು ಬಿಡಲಿಲ್ಲ. (ಹೆಸರಿಟ್ಟವರಲ್ಲಿ ಅರ್ಧ ಜನರ ಮನೆಯಲ್ಲಿಯೂ ಕಂಬಳಿಯೇ ಇತ್ತೆಂಬುದು ಬೇರೆ ಮಾತು.)

ದೀಪಾವಳಿಗೆ ಊರಿಗೆ ಹೋದಾಗ ಅಕ್ಕನಿಗೆ ಈ ಸಂಗತಿ ಹೇಳಿದೆ. ಅಕ್ಕ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬಿಟ್ಟವಳು ಎನ್ನುವುದಕ್ಕಿಂತ ಬಿಡಿಸಲ್ಪಟ್ಟವಳು. ಇಬ್ಬರನ್ನೂ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಶಾಲೆಯ ಹೆಣಿಗೆಯ ತಾಸಿನಲ್ಲಿ ಅವಳು ತನಗಾಗಿ ಹೆಣೆದುಕೊಂಡ ಕಡುಗೆಂಪು ಸ್ವೆಟರ್ ಒಂದಿತ್ತು. ಶಾಲೆಯಿಂದ ಅವಳು ಮನೆಗೆ ತಂದ ಗಳಿಕೆಯೆಂದರೆ ಅದೊಂದೇ. ಹಬ್ಬದ ಮರುದಿನ ನಾನು ಏಳುವಷ್ಟರಲ್ಲಿ ಅಕ್ಕ ಅದನ್ನು ಬಿಚ್ಚುತ್ತ ಕುಳಿತಿದ್ದಳು. ಬಿಚ್ಚಿದ ಎಳೆ ಗುಂಗುರು ಗುಂಗುರಾಗಿರುತ್ತದೆ. ಅದನ್ನು ಲಡಿ ಸುತ್ತಿ, ತೋಯಿಸಿ, ಭಾರ ಕಟ್ಟಿ ತೂಗುಹಾಕಿ ನೇರ ಮಾಡಬೇಕು. ಅದೆಲ್ಲ ಮುಗಿಸಿ ಹತ್ತು ದಿನಕ್ಕೆ ಹೆಣೆದು, ಧಾರವಾಡಕ್ಕೆ ಬರುವವರ ಕೈಯಲ್ಲಿ ಕಳಿಸಿದಳು. ಅದಕ್ಕೆ ತೋಳಿರಲಿಲ್ಲ. ಮುಂದೆ ಭೆಟ್ಟಿಯಾದಾಗ ಕೇಳಿದರೆ, "ನೀ ಎತ್ತರ ಬೆಳದೀ ತಮ್ಮಾ, ಉಲ್ಲನ್ ಸಾಲಲಿಲ್ಲ" ಎಂದಳು.

ಇದರಲ್ಲೊಂದು ಸೋಜಿಗವಿದೆ. ತೋಳಿಲ್ಲದ, ಕೊರಳು ತ್ರಿಕೋನವಾಗಿದ್ದ ಆ ಸ್ವೆಟರನ್ನು ಬಿಳಿಯ ತುಂಬುತೋಳಿನ ಅಂಗಿಯ ಮೇಲೆ ತೊಟ್ಟು, ಕಾಲರನ್ನು ಹೊರಗೆಳೆದು ಹೋದ ದಿನ, "ಎಲ್ಲಿ ತೊಗೊಂಡಿ?" ಎಂದು ಊರಿನ ಶ್ರೀಮಂತರ ಮಕ್ಕಳೇ ಕೇಳಿದರು. ಆಗ ಅದೇ ಠೀವಿಯ ಉಡುಪು. ಉಣ್ಣೆಯ ಕೊರತೆ ಫ್ಯಾಶನ್ ಆಗಿತ್ತು! ನಾನು ನಿಜವನ್ನೇ ಹೇಳಿದೆ, ಅಕ್ಕ ಹೆಣೆದದ್ದೆಂದು. ಯಾರೂ ನಗಲಿಲ್ಲ.

ಮುಂದೆ ವಿಜ್ಞಾನದ ಶಿಕ್ಷಕನಾಗಿ ಉಷ್ಣವಾಹಕತೆಯ ಪಾಠ ಮಾಡುವಾಗಲೆಲ್ಲ ನಾನು ಸ್ವೆಟರನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. ಬಟ್ಟೆ ಶಾಖವನ್ನು ಹುಟ್ಟಿಸುವುದಿಲ್ಲ. ಮೈಯ ಶಾಖವನ್ನು ಹೊರಹೋಗಗೊಡುವುದಿಲ್ಲ. ಆ ಕೆಲಸ ಮಾಡುವುದು ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಆದ್ದರಿಂದ ಒಂದು ದಪ್ಪ ಕೋಟಿಗಿಂತ ಬನಿಯನ್ನು, ಅಂಗಿ, ಅದರ ಮೇಲೊಂದು ತೆಳು ಸ್ವೆಟರ್ ಮೇಲು. ಬಿಸಿಲೇರಿದಂತೆ ಒಂದೊಂದನ್ನೇ ಕಳಚಬಹುದು. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಯೂ ಒದ್ದೆಯಾದಂತೆ ತೋರುವುದಿಲ್ಲ. ಹತ್ತಿಯ ಬನಿಯನ್ನು ಬೆವರಿನಲ್ಲಿ ತೊಯ್ದರೆ ಮೈಗಂಟಿ ಚಳಿಯನ್ನು ಹೆಚ್ಚಿಸುತ್ತದೆ; ಆಟವಾಡಿ ಬಂದ ಮೇಲೆ ಅದನ್ನು ಬದಲಿಸಿರೆಂದು ಹುಡುಗರಿಗೆ ಹೇಳಿ ಹೇಳಿ ನನ್ನ ಗಂಟಲು ಸೋತಿತು.

ಹುಡುಗಿಯರ ಪಾಡು ಬೇರೆ. ಲಂಗ-ದಾವಣಿಯ ಮೇಲೆ ಗುಂಡಿಯ ಸ್ವೆಟರ್ ತೊಟ್ಟರೆ ದಾವಣಿ ಮುದುಡಿ ಒಳಗೆ ಸೇರುತ್ತಿತ್ತು, ಹೊರಗೆ ಬಿಟ್ಟರೆ ಸ್ವೆಟರಿನ ಗುಂಡಿ ಕೂಡುತ್ತಿರಲಿಲ್ಲ. ಚೂಡಿದಾರ ಬಂದು ಈ ಕಷ್ಟವನ್ನು ನೀಗಿಸಿತು. ಹಿರಿಯರು ಎಷ್ಟೇ ಗೊಣಗಲಿ, ಚಳಿಗಾಲದ ಮಟ್ಟಿಗೆ ಅದು ದೊಡ್ಡ ಉಪಕಾರ.

ಸ್ವೆಟರ್ ನಮ್ಮಂಥವರ ಕೈಗೆಟುಕುವಂತೆ ಮಾಡಿದವರಲ್ಲಿ ಟಿಬೆಟಿಯನ್ನರನ್ನು ನೆನೆಯಬೇಕು. ಮುಂಡಗೋಡದ ಬಳಿ ಅವರ ನೆಲೆ ಆರಂಭವಾದದ್ದು 1966ರಲ್ಲಿ. ಚಳಿಗಾಲ ಬಂತೆಂದರೆ ಲುಧಿಯಾನದಿಂದ ಮಾಲು ತರಿಸಿ ಊರೂರಿನ ರಸ್ತೆಬದಿಯಲ್ಲಿ ಅಂಗಡಿ ಹೂಡುತ್ತಿದ್ದರು. ಬಿ.ಎಡ್. ಓದುವ ವರ್ಷ ಪಾಠಾಭ್ಯಾಸಕ್ಕೆಂದು ಅಂಥ ಒಂದು ಅಂಗಡಿಯಲ್ಲಿ ಬೂದುಬಣ್ಣದ ತುಂಬುತೋಳಿನ ಸ್ವೆಟರ್ ಕೊಂಡೆ. ಚೌಕಾಶಿಗೆ ನಿಂತರೆ ಆ ಅಜ್ಜಿ ಸ್ವಚ್ಛ ಕನ್ನಡದಲ್ಲಿ, "ನಾವೂ ಚಳೀ ದೇಶದಿಂದ ಬಂದವರು, ಥಂಡಿ ಏನಂತ ನಮಗ ಗೊತ್ತೈತಿ" ಎಂದು ನಕ್ಕು ಐದು ರೂಪಾಯಿ ಬಿಟ್ಟಳು.

ಈಗಿನ ಮಕ್ಕಳು ಟೊಪ್ಪಿಗೆಯುಳ್ಳ ಹೂಡಿಯನ್ನು ನಸುಕಿನಿಂದ ಸಂಜೆಯವರೆಗೆ, ಬಿಸಿಲಿನಲ್ಲಿಯೂ ಕಳಚುವುದಿಲ್ಲ. ನೋಡಲು ಚೆಂದವೇ; ಜೇಬು ದೊಡ್ಡದು, ಕೈಗೆ ಬೆಚ್ಚಗೆ. ಆದರೆ ಅಗ್ಗದ್ದು ಬಹುಪಾಲು ಪಾಲಿಯೆಸ್ಟರು, ಬೆವರನ್ನು ಹೀರುವುದಿಲ್ಲ. ಒಳಗೊಂದು ಹತ್ತಿಯ ಅಂಗಿಯಿದ್ದರೆ ಬಾಧೆಯಿಲ್ಲ. ನಿಜವಾದ ಉಣ್ಣೆಯದಿದ್ದರೆ ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ಒಗೆಯಿರಿ; ಹಿಂಡಬೇಡಿ, ಹಗ್ಗಕ್ಕೆ ತೂಗುಬಿಡಬೇಡಿ, ನೆರಳಿನಲ್ಲಿ ಹಾಸಿ ಒಣಗಿಸಿರಿ.

ಒಂದು ಪ್ರಸಂಗ ಉಳಿದಿದೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಸಮವಸ್ತ್ರದ ಸ್ವೆಟರ್ ನೀಲಿ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಣ್ಣನ ಕಂದುಬಣ್ಣದ ಸ್ವೆಟರನ್ನು ತೋಳು ಮಡಚಿಕೊಂಡು ತೊಟ್ಟು ಬಂದಳು. ಪ್ರಾರ್ಥನೆಯ ಸಾಲಿನಿಂದ ಅವಳನ್ನು ಮುಂದೆ ಕರೆದು, ಎಲ್ಲರೆದುರು ಅದನ್ನು ಕಳಚಿಸಿದರು. ಒಳಗೆ ಬೆನ್ನಿನ ಬಳಿ ಹರಿದು ಹೊಲಿದ ಅಂಗಿಯಿತ್ತು. ಅವಳು ಅಳಲಿಲ್ಲ, ಬೆನ್ನನ್ನು ಗೋಡೆಗೆ ಮಾಡಿ ನಿಂತಳು.

ಅಂದೇ ಶಿಕ್ಷಕರ ಸಭೆಯಲ್ಲಿ ನಾನು ವಿಷಯವೆತ್ತಿದೆ. ಶಿಸ್ತು ಹಾಳಾಗುತ್ತದೆಂದರು. ಚಳಿಯಲ್ಲಿ ನಡುಗುವ ಮಗುವಿಗೆ ಯಾವ ಸೂತ್ರವೂ ತಲೆಗೆ ಹತ್ತುವುದಿಲ್ಲ, ಇದು ಶಿಸ್ತಿನ ಮಾತಲ್ಲ, ಬಡತನವನ್ನು ಬಯಲಿಗಿಡುವ ಮಾತು ಎಂದೆ. ದನಿ ಏರಿತು, ಒಂದಿಬ್ಬರು ಎದ್ದು ಹೋದರು. ಕೊನೆಗೆ ದೀಪಾವಳಿಯಿಂದ ಶಿವರಾತ್ರಿಯವರೆಗೆ ಯಾವ ಬಣ್ಣದ ಸ್ವೆಟರ್ ಆದರೂ ನಡೆಯುತ್ತದೆಂದು ಸೂಚನಾ ಪುಸ್ತಕದಲ್ಲಿ ಬರೆದು ಎಲ್ಲ ತರಗತಿಗಳಲ್ಲಿ ಓದಿಸಲಾಯಿತು. ಮರುವಾರ ಸಾಲಿನಲ್ಲಿ ಹಸಿರು, ಹಳದಿ, ಕೆಂಪು ಎಲ್ಲ ಕಾಣಿಸಿದವು. ಇಬ್ಬರು ಅಪ್ಪನ ಮಫ್ಲರನ್ನೇ ಸುತ್ತಿಕೊಂಡು ಬಂದಿದ್ದರು.

ಆ ಹುಡುಗಿ ಮಾತ್ರ ಆ ವರ್ಷ ಶಾಲೆಯಲ್ಲಿ ಕಂದು ಸ್ವೆಟರನ್ನು ಮತ್ತೆ ತೊಡಲಿಲ್ಲ. ಪಾಟೀಚೀಲದಲ್ಲಿ ಇಟ್ಟುಕೊಂಡು ಬರುತ್ತಿದ್ದಳು. ಸಂಜೆ ಬಸ್ಸು ಊರು ದಾಟಿದ ಮೇಲೆ ತೆಗೆದು ತೊಟ್ಟುಕೊಳ್ಳುವುದನ್ನು ಹಿಂದಿನ ಸೀಟಿನಿಂದ ನಾನು ಎಷ್ಟೋ ಸಲ ಕಂಡಿದ್ದೇನೆ.