ಹಾಡು ಯಾರದು?

ಅಡಿಗೆ ಮಾಡುತ್ತಾ ನಾವು ಗುನುಗುವ ದೇವರನಾಮಕ್ಕೊಂದು ಭಾಗ್ಯವಿದೆ, ಗಮನಿಸಿದ್ದೀರಾ? ಯಾರೇ ಹಾಡಲಿ, ಕೊನೆಗೆ ಪುರಂದರವಿಠಲ ಎಂಬ ಅಂಕಿತ ಬಂದೇ ಬರುತ್ತೆ. ಅಮೆರಿಕದ ಕಪ್ಪು ಜನಾಂಗದ ಹೆಂಗಸರು ದುಃಖ ತೋಡಿಕೊಂಡ ಬ್ಲೂಸ್ ಹಾಡುಗಳಿಗೆ ಅಂಥ ಅನುಕೂಲವಿರಲಿಲ್ಲ. ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲಿ ಧ್ವನಿಮುದ್ರಿಸಿದ ‘ಹೌಂಡ್ ಡಾಗ್’, 1956ರಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದ ಮೇಲೆ ಅವನದೇ ಆಗಿಹೋಯಿತು. ಆಕೆಯ ಕೈಗೆ ಬಂದದ್ದು 500 ಡಾಲರ್ ಅಂತೆ!

ಮಗಳು ನನಗೆ ಕೇಳಿಸಿದ ಜಾನಿಸ್ ಜಾಪ್ಲಿನ್ ಕೂಡ ಇತರರ ಹಾಡು ಹಾಡಿದ ಬಿಳಿಯ ಹುಡುಗಿಯೇ. ಥಾರ್ನ್‌ಟನ್ ಕಟ್ಟಿದ ‘ಬಾಲ್ ಅಂಡ್ ಚೈನ್’ ಅನ್ನು 1967ರಲ್ಲಿ ಮಾಂಟೆರೇ ಸಂಗೀತೋತ್ಸವದಲ್ಲಿ ಹಾಡಿ ದೇಶಕ್ಕೆಲ್ಲಾ ಪರಿಚಿತಳಾದಳು. ಗಂಟಲು ಹರಿದುಹೋಗುವ ಹಾಗೆ ಹಾಡುತ್ತಾಳೆ. ನನಗಂತೂ ತಲೆನೋವೇ ಬಂತು ಅನ್ನಿ. ಆದರೆ ಅವಳ ಒಂದು ಕೆಲಸ ಮನಸ್ಸಿಗೆ ಹಿಡಿಸಿತು. ಅವಳು ಗುರುವಿನಂತೆ ಭಾವಿಸಿದ್ದ ಗಾಯಕಿ ಬೆಸ್ಸಿ ಸ್ಮಿತ್ ತೀರಿಕೊಂಡದ್ದು 1937ರಲ್ಲಿ. ಎಂಥಾ ಹೆಸರಿನ ಹೆಂಗಸು! ಸಮಾಧಿಗೆ ಮಾತ್ರ ಹೆಸರಿನ ಕಲ್ಲೂ ಇಲ್ಲ. 33 ವರ್ಷ ಬರೀ ಮಣ್ಣು. ಜಾನಿಸ್, ಮತ್ತೆ ಚಿಕ್ಕಂದಿನಲ್ಲಿ ಬೆಸ್ಸಿಯ ಮನೆಗೆಲಸ ಮಾಡಿದ್ದ ಇನ್ನೊಬ್ಬಾಕೆ, ಇಬ್ಬರೂ ದುಡ್ಡು ಹಾಕಿ 1970ರ ಆಗಸ್ಟ್‌ನಲ್ಲಿ ಕಲ್ಲು ನಿಲ್ಲಿಸಿದರು.

ಆಮೇಲೆ ಎರಡು ತಿಂಗಳೂ ಇರಲಿಲ್ಲ ಆ ಹುಡುಗಿ. ಮಾದಕವಸ್ತುವಿನ ಚಟ. ಅಕ್ಟೋಬರ್ 4ಕ್ಕೆ ಹೋಗೇಬಿಟ್ಟಳು. ಇನ್ನೂ 27 ವರ್ಷ.