ತಾತನ ಊರು ಹುಡುಕಿಕೊಂಡು ನಲ್ಲಂಪಳ್ಳಿಗೆ

ಮಗಳ ಪಾಸ್‌ಪೋರ್ಟ್ ಅರ್ಜಿ ತುಂಬಲು ಕುಳಿತಾಗ ಶುರುವಾದ ಕಥೆ ಇದು. ಆ ಅರ್ಜಿಯಲ್ಲಿ ಇನಿಷಿಯಲ್‌ಗೆ ಜಾಗವಿಲ್ಲ. ಅಕ್ಷರವನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ನಮ್ಮ ಮನೆಯಲ್ಲಿ ಎಲ್ಲರ ಹೆಸರಿನ ಮುಂದೆಯೂ ಒಂದು ‘ಎನ್’ ಇದೆ. ತಾತನಿಂದ ಅಪ್ಪನಿಗೆ, ಅಪ್ಪನಿಂದ ನಮಗೆ, ನಮ್ಮಿಂದ ಮಗಳಿಗೆ ಬಂದದ್ದು. “ಎನ್ ಅಂದರೆ ಏನು?” ಎಂದು ಮಗಳು ಕೇಳಿದಾಗ ಗಂಡಹೆಂಡಿರಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಪ್ಪ ಬದುಕಿದ್ದಾಗ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮ ಧರ್ಮಕೇಂದ್ರದ ಹಳೆಯ ವಿವಾಹ ಪುಸ್ತಕದಲ್ಲಿ. ಮಸುಕಾದ ಶಾಯಿಯಲ್ಲಿ, ವರನ ಊರು ಎಂಬಲ್ಲಿ ಬರೆದಿತ್ತು: ನಲ್ಲಂಪಳ್ಳಿ, ಸೇಲಂ ಜಿಲ್ಲೆ. ಅಂದರೆ ಆ ‘ಎನ್’ ನಮ್ಮ ಯಾವ ಹಿರಿಯರ ಹೆಸರೂ ಅಲ್ಲ. ಅದು ಒಂದು ಊರು! ಆದರೆ ಸೇಲಂ ಜಿಲ್ಲೆಯ ನಕ್ಷೆಯನ್ನು ಎಷ್ಟು ಜಾಲಾಡಿದರೂ ಆ ಊರು ಕಾಣಲಿಲ್ಲ. ಆಮೇಲೆ ತಿಳಿಯಿತು, 1965ರ ಅಕ್ಟೋಬರ್ 2ರಂದು ಸೇಲಂ ಜಿಲ್ಲೆಯನ್ನು ಒಡೆದು ಧರ್ಮಪುರಿ ಜಿಲ್ಲೆ ಮಾಡಿದರು. ತಾತನ ಮದುವೆ ಅದಕ್ಕೂ ಹಿಂದಿನದು. ಊರು ಇದ್ದಲ್ಲೇ ಇತ್ತು, ಜಿಲ್ಲೆ ಬದಲಾಗಿತ್ತು.

ಒಂದು ರಜಾದಿನ ಮೂವರೂ ಬೆಂಗಳೂರಿನಿಂದ ಸೇಲಂ ಕಡೆಯ ರೈಲು ಹತ್ತಿದೆವು.

ಕಿಟಕಿಯಾಚೆಯ ಹೆಸರುಗಳು

ಆ ದಾರಿಯ ನಿಲ್ದಾಣಗಳ ಹೆಸರುಗಳೇ ಒಂದು ಪಾಠ. ಹೊಸೂರು ಎಂದರೆ ಹೊಸ ಊರು, ಅಚ್ಚ ಕನ್ನಡ. ಮುಂದೆ ಪೆರಿಯನಾಗತುಣೈ ಬಂತು, ಅದು ತಮಿಳು. ಆಮೇಲೆ ಕೆಲಮಂಗಲ, ರಾಯಕೋಟೆ. ಮತ್ತೆ ಮಾರಂಡಹಳ್ಳಿ ಎಂದು ಕನ್ನಡದ ‘ಹಳ್ಳಿ’. ಪಾಲಕ್ಕೋಡು ದಾಟಿದರೆ ಧರ್ಮಪುರಿ. ಇದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಹೊಗೇನಕಲ್ ಜಲಪಾತದ ಹೆಸರೂ ನಮ್ಮದೇ, ಹೊಗೆ ಏಳುವ ಕಲ್ಲು!

ಧರ್ಮಪುರಿಯ ಹಳೆಯ ಹೆಸರು ತಗಡೂರು. ತಮಿಳರ ಸಂಗಮ ಕಾಲದಲ್ಲಿ ಇದು ಅದಿಯಮಾನ್ ಎಂಬ ಅರಸನ ಊರು. ಆಯುಸ್ಸು ಹೆಚ್ಚಿಸುವ ಅಪರೂಪದ ನೆಲ್ಲಿಕಾಯಿಯನ್ನು ತಾನು ತಿನ್ನದೆ ಔವೈಯಾರ್ ಎಂಬ ಕವಯಿತ್ರಿಗೆ ಕೊಟ್ಟವನೆಂದು ತಮಿಳರು ಇಂದಿಗೂ ಅವನನ್ನು ನೆನೆಯುತ್ತಾರೆ. ಶತಮಾನಗಳು ಕಳೆದ ಮೇಲೆ ಇಲ್ಲಿಗೆ ನೊಳಂಬರು ಬಂದರು. ಅವರ ಕಾಲದ, ಒಂಬತ್ತನೆಯ ಶತಮಾನದ ಕನ್ನಡ ಶಾಸನ ಧರ್ಮಪುರಿಯಲ್ಲೇ ಸಿಕ್ಕಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಈ ಸೀಮೆ ಮೈಸೂರಿಗೆ ಸೇರಿತು. ಹೈದರ್, ಟಿಪ್ಪು ಇವರ ಕಾಲದಲ್ಲಿ ಇದಕ್ಕೆ ಬಾರಾಮಹಲ್ ಎಂಬ ಹೆಸರು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಇದನ್ನು ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಯಿತು. ಅರಸರು ಬದಲಾದರು, ಗಡಿ ಬದಲಾಯಿತು, ಆದರೆ ಉಳುವವರು ತಮ್ಮ ಹೊಲ ಬಿಟ್ಟು ಹೋಗಲಿಲ್ಲ. ಅವರ ಮನೆಮಾತೂ ಉಳಿಯಿತು, ಅವರು ಊರಿಗಿಟ್ಟ ಹೆಸರೂ ಉಳಿಯಿತು.

ಪಳ್ಳಿಯೋ ಹಳ್ಳಿಯೋ?

ಧರ್ಮಪುರಿಯಿಂದ ಸೇಲಂ ಹೆದ್ದಾರಿಯಲ್ಲಿ ಸುಮಾರು ಹತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋದರೆ, ಅದಿಯಮಾನ್‌ಕೋಟೆ ಕಳೆದ ಮೇಲೆ ನಲ್ಲಂಪಳ್ಳಿ. ಇನ್ನೂ ದಕ್ಷಿಣಕ್ಕೆ ತೊಪ್ಪೂರು ಘಟ್ಟ. ನಾವು ಹಳೆಯ ಹಳ್ಳಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆವು. ಕಂಡದ್ದು ಹೆದ್ದಾರಿಯ ಲಾರಿಗಳ ಸದ್ದು, ಅಂಗಡಿ ಸಾಲು, ತಾಲೂಕು ಕಚೇರಿ.

ಟೀ ಅಂಗಡಿಯಲ್ಲಿ ಕುಳಿತು ತಮಿಳಿನಲ್ಲಿ ತಡವರಿಸುತ್ತಿದ್ದಾಗ, ಪಕ್ಕದ ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ನಮ್ಮ ಮಾತು ಕೇಳಿ ನಕ್ಕು, ತಮ್ಮದೇ ರಾಗದ ಕನ್ನಡದಲ್ಲಿ ಎಲ್ಲಿಂದ ಬಂದಿರೆಂದು ಕೇಳಿದರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಸೊಸೆಯೊಡನೆ ತೆಲುಗು ಎಂದರು. ನಮಗಾದ ಸಂತೋಷ ಅಷ್ಟಿಷ್ಟಲ್ಲ. ಸುತ್ತಲ ಊರುಗಳ ಹೆಸರು ಹೇಳಿ ಎಂದೆವು. ಅಜ್ಜಿ ಬೆರಳು ಮಡಚುತ್ತಾ ಎಣಿಸಿದರು: ಬೇಡರಹಳ್ಳಿ, ಭೂತನಹಳ್ಳಿ, ದಳವಾಯಿಹಳ್ಳಿ, ಬಾಲಜಂಗಮನಹಳ್ಳಿ, ಎರ್ರಬೈಯನಹಳ್ಳಿ, ಮಿಟ್ಟಾರೆಡ್ಡಿಹಳ್ಳಿ.

ನೋಡಿ, ಒಂದೊಂದು ಹೆಸರಿನಲ್ಲೂ ಒಬ್ಬೊಬ್ಬರು ಕುಳಿತಿದ್ದಾರೆ. ಬೇಟೆಯಾಡಿ ಬದುಕಿದ ಬೇಡರು, ಸೇನೆ ನಡೆಸಿದ ದಳವಾಯಿ, ಮಠದ ಜಂಗಮರು, ತೆಲುಗಿನ ‘ಎರ್ರ’ ಅಂದರೆ ಕೆಂಪು, ಇಂಗ್ಲಿಷರ ಕಾಲದ ಸೇಲಂ ಸೀಮೆಯಲ್ಲಿ ಜಮೀನ್ದಾರಿಗೆ ಹೇಳುತ್ತಿದ್ದ ‘ಮಿಟ್ಟಾ’ ಎಂಬ ಮಾತು. ಮೂರು ಭಾಷೆಯ ಜನರು ಒಂದೇ ಕೆರೆಯ ನೀರು ಕುಡಿದರೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ತಮಿಳಿಗೆ ತನ್ನದೇ ಆದ ‘ಹ’ ಅಕ್ಷರವಿಲ್ಲ. ಆದ್ದರಿಂದ ಇಲ್ಲಿನ ಫಲಕಗಳಲ್ಲಿ ‘ಹಳ್ಳಿ’ಯು ‘ಅಳ್ಳಿ’ ಆಗಿದೆ. ಹೆಸರು ಅಕ್ಷರ ಕಳೆದುಕೊಂಡರೂ ತನ್ನ ಗುರುತು ಬಿಟ್ಟುಕೊಟ್ಟಿಲ್ಲ.

ಹಾಗಾದರೆ ನಮ್ಮ ಊರು ಮಾತ್ರ ನಲ್ಲಂಪಳ್ಳಿ ಏಕೆ, ನಲ್ಲನಹಳ್ಳಿ ಏಕಲ್ಲ? ಹಳಗನ್ನಡದಲ್ಲಿ ಹಳ್ಳಿಯೂ ‘ಪಳ್ಳಿ’ಯೇ ಆಗಿತ್ತು. ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದದ ಮೊದಲ ‘ಪ’ ನಿಧಾನವಾಗಿ ‘ಹ’ ಆಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರು ಹೆಸರಾಯಿತು. ತಮಿಳು, ತೆಲುಗುಗಳಲ್ಲಿ ‘ಪ’ ಹಾಗೆಯೇ ಉಳಿಯಿತು. ಪಳ್ಳಿ ಎಂದರೆ ಜೈನ ಮುನಿಗಳ ವಾಸಸ್ಥಾನವೂ ಹೌದು. ತಮಿಳರಿಗೆ ಅದು ಶಾಲೆ, ಕೇರಳದವರಿಗೆ ಚರ್ಚು! ಇನ್ನು ‘ನಲ್ಲ’ ಎಂದರೆ ತಮಿಳಿನಲ್ಲಿ ಒಳ್ಳೆಯ, ತೆಲುಗಿನಲ್ಲಿ ಕಪ್ಪು, ಕನ್ನಡದಲ್ಲಿ ಪ್ರಿಯನಾದವನು. “ಹಾಗಾದರೆ ನಮ್ಮದು ಯಾವುದು?” ಎಂದಳು ಮಗಳು. ಮೂರೂ ನಿನ್ನದೇ ಎಂದೆವು.

ನಮ್ಮ ಹೆಸರುಗಳ ಒಳಗೆ

ಹಿಂದಿರುಗುವಾಗ ರೈಲಿನಲ್ಲಿ ಮಾತು ಕುಟುಂಬದ ಹೆಸರುಗಳತ್ತ ತಿರುಗಿತು. ಮಂಗಳೂರಿನ ನಮ್ಮ ಕೊಂಕಣಿ ಬಂಧುಗಳಿಗೆ ಲೋಬೊ, ಪಿರೇರಾ, ಡಿಸೋಜ ಮುಂತಾದ ಅಡ್ಡಹೆಸರುಗಳಿವೆ. ಅವರ ಪೂರ್ವಿಕರು ಗೋವೆಯಲ್ಲಿ ಜ್ಞಾನಸ್ನಾನ ಪಡೆದಾಗ ಪೋರ್ಚುಗೀಸರಿಂದ ಬಂದ ಹೆಸರುಗಳವು. ಲೋಬೊ ಎಂದರೆ ತೋಳ! ನಮ್ಮ ಮೈಸೂರು, ಬಾರಾಮಹಲ್ ಕಡೆಯ ಕ್ರೈಸ್ತರಿಗೆ ಅಂಥ ಅಡ್ಡಹೆಸರು ಬರಲಿಲ್ಲ. ಇಲ್ಲಿ ಸಂತರ ಹೆಸರುಗಳೇ ನಮ್ಮ ನುಡಿಯ ಬಟ್ಟೆ ತೊಟ್ಟವು. ಸಂತ ಪೇತ್ರರು ರಾಯಪ್ಪ ಆದರು. ಪೌಲ ಎಂದರೆ ಲತೀನಿನಲ್ಲಿ ಚಿಕ್ಕವನು, ಆದ್ದರಿಂದ ಅವರು ಚಿನ್ನಪ್ಪ. ಯೊವಾನ್ನ ಎಂಬುದರಲ್ಲಿ ದೇವರ ಕೃಪೆಯ ಅರ್ಥವಿದೆ, ಆದ್ದರಿಂದ ಅರುಳಪ್ಪ. ಇಗ್ನಾಸಿಯವರು ಇನ್ನಾಸಪ್ಪ, ಕ್ಸೇವಿಯರ್ ಶೌರಿಯಪ್ಪ, ಚೌರಪ್ಪ. ಆರೋಗ್ಯಮ್ಮನ ಹೆಸರಿನಲ್ಲಿ ವೇಳಾಂಕಣಿಯ ಮಾತೆ ಇದ್ದಾಳೆ. ಒಂದೇ ಊರಿನಲ್ಲಿ ಐವರು ಚಿನ್ನಪ್ಪಂದಿರಿದ್ದರೆ ಗುರುತು ಹಿಡಿಯುವುದು ಹೇಗೆ? ತಂದೆಯ ಹೆಸರಿನಿಂದ, ಇಲ್ಲವೇ ಬಂದ ಊರಿನ ಹೆಸರಿನಿಂದ. ನಮ್ಮ ‘ಎನ್’ ಹುಟ್ಟಿದ್ದು ಹಾಗೆ.

ಯೋಚಿಸಿ ನೋಡಿದರೆ ನಮ್ಮ ಪ್ರಭುವಿಗೂ ಅಡ್ಡಹೆಸರಿರಲಿಲ್ಲ. ಊರಿತ್ತು. ಜನರು ಅವರನ್ನು ಕರೆದದ್ದು ನಜರೇತಿನ ಯೇಸು ಎಂದೇ. ಮಗ್ದಲದ ಮರಿಯಳು, ಅರಿಮತಾಯದ ಜೋಸೆಫ್, ಇವರೆಲ್ಲ ನಮಗೆ ಇಂದಿಗೂ ಪರಿಚಿತರಾಗಿರುವುದು ಅವರವರ ಊರಿನಿಂದಲೇ.

ನಲ್ಲಂಪಳ್ಳಿಯಲ್ಲಿ ನಮಗೆ ತಾತನ ಮನೆ ಸಿಗಲಿಲ್ಲ, ನೆಂಟರೂ ಸಿಗಲಿಲ್ಲ. ತಾತನನ್ನು ಬಲ್ಲವರು ಯಾರೂ ಈಗ ಅಲ್ಲಿಲ್ಲ. ಇಪ್ಪತ್ತು ವರ್ಷ ಮೊದಲು ಹೋಗಿದ್ದರೆ ಒಬ್ಬರಾದರೂ ಸಿಗುತ್ತಿದ್ದರೇನೋ ಎಂಬ ಕೊರಗು ಉಳಿದಿದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ನಿಯಮದಂತೆ ದಾಖಲೆಯಲ್ಲಿದ್ದುದನ್ನೇ ಬರೆದೆವು. ಆದರೆ ಮನೆಗೆ ಬಂದ ರಾತ್ರಿ ಮಗಳು ನಮ್ಮ ಬೈಬಲ್ಲಿನ ಮೊದಲ ಖಾಲಿ ಪುಟದಲ್ಲಿ ತಾತ, ಅಜ್ಜಿ, ಅಪ್ಪ, ಅಮ್ಮ ಎಲ್ಲರ ಹೆಸರು ಬರೆದು, ಪ್ರತಿಯೊಂದರ ಮುಂದೆಯೂ ‘ನಲ್ಲಂಪಳ್ಳಿ’ ಎಂದು ಪೂರ್ತಿಯಾಗಿ ಸೇರಿಸಿದಳು. ಅಜ್ಜಿ ಹುಟ್ಟಿದ ಊರು ಬೇರೆಯಲ್ಲವೇ ಎಂದು ಅವಳೇ ತಡೆದು ಕೇಳಿದಳು. ಅದೂ ನಮಗೆ ಗೊತ್ತಿರಲಿಲ್ಲ. ಅಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದಾಳೆ.

ಪ್ರಿಯ ಓದುಗರೇ, ನಿಮ್ಮ ಹೆಸರಿನ ಮುಂದಿರುವ ಅಕ್ಷರ ಯಾವ ಊರಿನದು? ಮನೆಯಲ್ಲಿ ಹಿರಿಯರಿದ್ದರೆ ಇಂದು ರಾತ್ರಿ ಊಟಕ್ಕೆ ಕುಳಿತಾಗಲೇ ಕೇಳಿಬಿಡಿ.